ಬಿಡಿಭಾಗ ನಿಂತರೂ ನಕ್ಷೆ ಸಿಗಲಿ

ಮಾನ್ಯ ಸಂಪಾದಕರೇ,

ಹಳೆಯ ವಾಹನಗಳು ಗುಜರಿ ಸೇರುವುದಕ್ಕೆ ಎಂಜಿನ್ ಸೋತದ್ದೇ ಕಾರಣವೆಂದು ಬಹಳ ಮಂದಿ ತಿಳಿದಿದ್ದಾರೆ. ಇಪ್ಪತ್ತು ವರ್ಷಗಳಿಂದ ಒಂದು ಹಳೆಯ ಮೋಟಾರ್‌ಸೈಕಲ್ ಓಡಿಸುತ್ತ, ಕೈಲಾದಷ್ಟನ್ನು ನಾನೇ ದುರಸ್ತಿ ಮಾಡಿಕೊಳ್ಳುತ್ತ ಬಂದಿರುವ ನನ್ನ ಅನುಭವ ಬೇರೆಯೇ ಇದೆ. ಸಿಲಿಂಡರ್ ಸವೆದರೆ ಅದರ ಬೋರನ್ನು, ಅಂದರೆ ಒಳರಂಧ್ರವನ್ನು, ಕೊರೆಸಿ 0.25 ಅಥವಾ 0.50 ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಬಹುದು, ಬೋರ್ ಮಿತಿಮೀರಿದ್ದರೆ ಹೊಸ ಸ್ಲೀವ್, ಅಂದರೆ ಒಳಕೊಳವೆ, ಕೂರಿಸಬಹುದು. ಗಾಡಿ ವರ್ಷಗಟ್ಟಲೆ ಮೂಲೆಯಲ್ಲಿ ನಿಂತುಬಿಡುವುದು ಅಂಗೈಯೊಳಗೆ ಅಡಗುವಂಥ ಒಂದು ಸಣ್ಣ ಭಾಗ ಸಿಗದೆ.

ಕೆಲವು ಭಾಗಗಳು ಸಿಗುವುದಿಲ್ಲವೆಂದು ನಾವು ನಂಬಿಕೊಂಡಿದ್ದರೂ ಅವು ಎಲ್ಲೆಡೆ ಸಿಗುತ್ತಿರುತ್ತವೆ. ಒಮ್ಮೆ ಗೇರ್‌ಬಾಕ್ಸ್‌ನಲ್ಲಿ ಗೊರಗೊರ ಸದ್ದು ಬಂದಾಗ ಅದರ ಬೇರಿಂಗಿನ ಕಂಪನಿ ಪಾರ್ಟ್ ನಂಬರ್ ಹಿಡಿದು ವಿಚಾರಿಸಿದ ಕಡೆಯೆಲ್ಲ, ಆ ಮಾಡೆಲ್ ನಿಂತುಹೋಗಿದೆ ಎಂಬ ಉತ್ತರವೇ ಸಿಕ್ಕಿತು. ಕಳಚಿದ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದಾಗ ಹೊರ ಉಂಗುರದ ಮುಖದ ಮೇಲೆ ‘6205 ಸಿ3’ ಎಂಬ ಸಣ್ಣ ಅಕ್ಷರಗಳು ಕಾಣಿಸಿದವು. ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿಲಿಮೀಟರ್ ಇರುವ ಆ ಬೇರಿಂಗನ್ನು ಯಾರು ತಯಾರಿಸಿದರೂ ಅಳತೆ ಅದೇ, ಮತ್ತು ಅದು ನೀರಿನ ಪಂಪಿನಲ್ಲೂ ಇರುತ್ತದೆ, ಎಲೆಕ್ಟ್ರಿಕ್ ಮೋಟಾರಿನಲ್ಲೂ ಇರುತ್ತದೆ. ‘ಸಿ3’ ಎಂಬ ಗುರುತನ್ನು ಮಾತ್ರ ಅಲಕ್ಷಿಸಬಾರದು; ಒಳಗಿನ ಸಡಿಲ ಮಾಮೂಲಿಗಿಂತ ಸ್ವಲ್ಪ ಹೆಚ್ಚಿದೆ ಎಂದು ಅದರ ಅರ್ಥ, ಮತ್ತು ಕಾವೇರುವ ಕಡೆ ಆ ಸಡಿಲವಿಲ್ಲದ ಬೇರಿಂಗ್ ಬಿಗಿದುಕೊಳ್ಳುವ ಅಪಾಯವಿದೆ. ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲುಗಳೂ ಬಹುಪಾಲು ಹೀಗೆಯೇ ಅಳತೆಯ ಮೇಲೆ ಸಿಗುತ್ತವೆ.

ನಿಜವಾದ ಕಷ್ಟವಿರುವುದು ಅದೊಂದೇ ಮಾಡೆಲ್‌ಗಾಗಿ ತಯಾರಾದ ಭಾಗಗಳಲ್ಲಿ. ನನ್ನ ಗಾಡಿಯಲ್ಲಿ ಕಿಕ್ ಹೊಡೆದಾಗ ಎಂಜಿನ್ ತಿರುಗಿಸುವ ಹಲ್ಲುಚಕ್ರವಾದ ಕಿಕ್ ರ‍್ಯಾಚೆಟ್ ಹಲ್ಲು ಮುರಿದುಕೊಂಡಾಗ ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಅನುಭವಿ ಟರ್ನರ್ ಒಬ್ಬರು ಹಳೆಯದನ್ನೇ ಮಾದರಿಯಾಗಿಟ್ಟುಕೊಂಡು ಹೊಸದನ್ನು ಮಾಡಿಕೊಟ್ಟರು. ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆದರೂ ಎರಡು ತಿಂಗಳಿಗೇ ಹಲ್ಲುಗಳು ಮೊಂಡಾದವು, ಏಕೆಂದರೆ ಉಕ್ಕು ಮೆತ್ತಗಿತ್ತು. ಎರಡನೆಯದನ್ನು ಪೂರ್ತಿ ಗಟ್ಟಿ ಮಾಡಿಸಿದೆವು. ಅದು ಕೆಲವೇ ದಿನಗಳಲ್ಲಿ ಗಾಜಿನಂತೆ ಚಕ್ಕೆಯೆದ್ದಿತು. ಕೇಸ್ ಹಾರ್ಡನಿಂಗ್ ಮಾಡಿಸಿ, ಅಂದರೆ ಒಳಗಿನ ತಿರುಳನ್ನು ಮೆತ್ತಗೆ ಬಿಟ್ಟು ಮೇಲ್ಮೈಯನ್ನಷ್ಟೇ ಗಟ್ಟಿಗೊಳಿಸಿ ತಯಾರಿಸಿದ ಮೂರನೆಯ ರ‍್ಯಾಚೆಟ್ ಈಗ ಐದನೆಯ ವರ್ಷದಲ್ಲೂ ಕೆಲಸ ಮಾಡುತ್ತಿದೆ. ಯಾವ ಉಕ್ಕು, ಮೇಲ್ಮೈ ಎಷ್ಟು ಆಳದವರೆಗೆ ಗಟ್ಟಿಯಾಗಬೇಕು ಎಂಬ ಎರಡು ಸಾಲು ಆ ಭಾಗದ ಮೂಲ ತಯಾರಿಕಾ ನಕ್ಷೆಯಲ್ಲಿ ಇದ್ದೇ ಇರುತ್ತವೆ. ಅವು ನಮಗೆ ಸಿಕ್ಕಿದ್ದರೆ ಒಬ್ಬ ಒಳ್ಳೆಯ ಕಸುಬುದಾರನ ಶ್ರಮ ಎರಡು ಸಲ ವ್ಯರ್ಥವಾಗುತ್ತಿರಲಿಲ್ಲ.

ಈ ಪತ್ರ ಬರೆಯುತ್ತಿರುವುದು ಆ ಎರಡು ಸಾಲುಗಳಿಗಾಗಿ. ಮಾರಾಟ ನಿಂತು ದಶಕಗಳೇ ಕಳೆದ ಮಾಡೆಲ್‌ನ ಭಾಗಗಳನ್ನು ಎಂದೆಂದಿಗೂ ತಯಾರಿಸುತ್ತಲೇ ಇರಿ ಎಂದು ಕಂಪನಿಗಳನ್ನು ಕೇಳುವುದು ನ್ಯಾಯವಲ್ಲ, ನಾನು ಕೇಳುತ್ತಲೂ ಇಲ್ಲ. ಆದರೆ ಒಂದು ಭಾಗದ ತಯಾರಿಕೆಯನ್ನು ಕೈಬಿಡುವಾಗ ಅದರ ನಕ್ಷೆ, ಲೋಹದ ವಿವರ, ಹದಗೊಳಿಸುವ ವಿಧಾನ ಮತ್ತು ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸದ ಮಿತಿಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು. ತಾನೇ ತಯಾರಿಸದ, ಮಾರದ ಭಾಗದ ನಕ್ಷೆಯನ್ನು ಬೀರುವಿನಲ್ಲಿ ಬೀಗಹಾಕಿ ಇಟ್ಟುಕೊಂಡು ಕಂಪನಿಗೆ ಆಗುವ ಲಾಭವೇನು ಎಂಬುದು ನನಗೆ ಅರ್ಥವಾಗಿಲ್ಲ. ಬೇರೆಯವರು ತಯಾರಿಸಿದ ಭಾಗ ಕೈಕೊಟ್ಟು ಅಪಘಾತವಾದರೆ ಹೊಣೆ ಯಾರದೆಂಬ ಪ್ರಶ್ನೆ ಖಂಡಿತ ಗಂಭೀರವಾದದ್ದು. ಬ್ರೇಕ್ ಮತ್ತು ಸ್ಟೀರಿಂಗ್ ಭಾಗಗಳನ್ನು ಪರೀಕ್ಷೆಗೊಳಪಟ್ಟ ತಯಾರಕರಿಗೆ ಮಾತ್ರ ವಹಿಸುವ ನಿಯಮವನ್ನು ಅದಕ್ಕಾಗಿ ಮಾಡಬಹುದು. ಸ್ವತಃ ಕಂಪನಿಯೇ ಮನಸ್ಸು ಮಾಡಿದರೂ ದಾರಿಯಿದೆ. ಪೋರ್ಷೆ ಕಂಪನಿಯು ತನ್ನ 959 ಕಾರಿನ ಕ್ಲಚ್ ಬಿಡಿಸುವ ಸನ್ನೆಯ (ರಿಲೀಸ್ ಲಿವರ್) ದಾಸ್ತಾನು ಮುಗಿದಾಗ, ಉಕ್ಕಿನ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಕರಗಿಸಿ ಅದನ್ನು ಮುದ್ರಿಸಿಕೊಡುವ ವಿಧಾನವನ್ನು 2018ರಲ್ಲಿ ಪ್ರಕಟಿಸಿತು. ದುಬಾರಿ ಕಾರಿಗೆ ಸಾಧ್ಯವಾದದ್ದು ಸಾಮಾನ್ಯರ ಗಾಡಿಗೂ ದಕ್ಕಬೇಕು.

ಮಾಲೀಕರಾದ ನಮ್ಮ ಪಾಲಿನ ಹೊಣೆಯೂ ಸಣ್ಣದಲ್ಲ. ಹೊಸದು ಕೈಸೇರುವ ತನಕ ಮುರಿದ ಭಾಗವನ್ನು ಎಸೆಯಬಾರದು. ಸವೆಯದೆ ಉಳಿದ ಅಂಚಿನಿಂದಲೇ ಮೂಲ ಅಳತೆ ತೆಗೆಯಬೇಕಾಗುತ್ತದೆ. ಜೊತೆಗೆ, ಹಳೆಯ ದಾಸ್ತಾನಿನ ಭಾಗ ಮೂಲ ಡಬ್ಬಿಯಲ್ಲೇ ಸಿಕ್ಕಿತೆಂದು ಹಿಗ್ಗುವವರಿಗೆ ಒಂದು ಮಾತು ಹೇಳಲೇಬೇಕು. ಲೋಹದ ಭಾಗವಾದರೆ ಹಿಗ್ಗಲು ಅಡ್ಡಿಯಿಲ್ಲ, ಆದರೆ ರಬ್ಬರ್ ಡಬ್ಬಿಯೊಳಗೂ ಮುಪ್ಪಾಗುತ್ತದೆ. ಟೈರಿನ ಪಕ್ಕದಲ್ಲಿ 3514 ಎಂದಿದ್ದರೆ ಅದು 2014ನೇ ವರ್ಷದ 35ನೇ ವಾರದಲ್ಲಿ ತಯಾರಾದದ್ದು. ಅದು ಒಮ್ಮೆಯೂ ರಸ್ತೆ ಕಂಡಿಲ್ಲವೆಂದ ಮಾತ್ರಕ್ಕೆ ಹೊಸದಾಗುವುದಿಲ್ಲ. ಬ್ರೇಕಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಡಾಟ್ 3 ಮತ್ತು ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ನಿಂತೇ ಇರುವ ಕಾರಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕಿಗೆ ಆಯಿಲ್ ತಳ್ಳುವ ಭಾಗ) ಒಳಗಿನಿಂದ ತುಕ್ಕು ಹಿಡಿಯುತ್ತದೆ. ಕುಳಿಬಿದ್ದ ಆ ಬೋರಿಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಕೂರಿಸದೆ, ಮರಳು ಕಾಗದದಿಂದ ಉಜ್ಜಿ ಹೊಸ ಸೀಲ್ ಹಾಕಿ ರಸ್ತೆಗಿಳಿಸುವುದನ್ನು ನಾನು ಕಂಡಿದ್ದೇನೆ. ಬಿಡಿಭಾಗದ ಕೊರತೆಯನ್ನು ಇದಕ್ಕೆ ನೆಪವಾಗಿ ಹೇಳುವುದು ತಪ್ಪು. ಎದುರಿಗೆ ನಡೆದು ಬರುವವರ ಜೀವವೂ ಆ ಸಿಲಿಂಡರನ್ನೇ ನೆಚ್ಚಿಕೊಂಡಿರುತ್ತದೆ.

ಆ ಮೂರನೆಯ ರ‍್ಯಾಚೆಟ್‌ನ ಅಳತೆ, ಉಕ್ಕಿನ ದರ್ಜೆ ಮತ್ತು ಹದಗೊಳಿಸಿದ ರೀತಿಯನ್ನು ಟರ್ನರ್ ಅವರ ಒಪ್ಪಿಗೆ ಪಡೆದು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಅದೇ ಮಾಡೆಲ್ ಇಟ್ಟುಕೊಂಡಿರುವ ನಾಲ್ವರು ಆ ಹಾಳೆಯ ಪ್ರತಿ ಒಯ್ದಿದ್ದಾರೆ, ಅವರಲ್ಲಿ ಇಬ್ಬರ ಗಾಡಿಗಳು ಮತ್ತೆ ಓಡುತ್ತಿವೆ. ಕಂಪನಿಗಳ ಬಳಿ ಇಂಥ ಸಾವಿರಾರು ಹಾಳೆಗಳಿವೆ. ಅವನ್ನು ಹೊರತರಲು ಬೇಕಾದ ನಿಯಮವನ್ನು ಸಂಬಂಧಪಟ್ಟವರು ಬೇಗ ರೂಪಿಸಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ