ಹಬಶಿ ಬೈಗುಳವಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ಗೋಳಗುಮ್ಮಟ ನೋಡಲು ಬಂದಿದ್ದ ಆಫ್ರಿಕಾದ ವಿದ್ಯಾರ್ಥಿಗಳನ್ನು ಕೆಲ ಹುಡುಗರು ‘ಹಬಶಿ, ಹಬಶಿ’ ಎಂದು ರೇಗಿಸುತ್ತಿದ್ದರು. ಒಬ್ಬನಂತೂ ಮೊಬೈಲ್ ಹಿಡಿದು ಅವರ ಬೆನ್ನು ಹತ್ತಿದ್ದ. ನೋಡಿ ತುಂಬಾ ಬೇಜಾರಾಯಿತು.

ಹಬಶಿ ಬೈಗುಳವೇ ಅಲ್ಲ. ಅರಬ್ಬಿಯಲ್ಲಿ ‘ಹಬಶ್’ ಅಂದರೆ ಅಬಿಸೀನಿಯಾ, ಈಗಿನ ಇಥಿಯೋಪಿಯಾ ಕಡೆಯ ನಾಡು. ಅಲ್ಲಿಯವರು ಹಬಶಿಗಳು, ಅಷ್ಟೇ. ‘ಆಫ್ರಿಕಾ’ ಕೂಡ ಮೊದಲು ಇಡೀ ಖಂಡದ ಹೆಸರಾಗಿರಲಿಲ್ಲ. ಕ್ರಿ.ಪೂ. 146ರಲ್ಲಿ ಕಾರ್ಥೇಜ್ ನಗರ ಗೆದ್ದ ರೋಮನ್ನರು ಈಗಿನ ಟುನೀಶಿಯಾ ಭಾಗದ ತಮ್ಮ ಪ್ರಾಂತ್ಯಕ್ಕೆ ಇಟ್ಟ ಹೆಸರದು.

ಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ ಪ್ರಬಲ ಮಂತ್ರಿಯಾಗಿದ್ದ. ನಮ್ಮೂರಿನ ಇತಿಹಾಸವೇ ಅಲ್ವಾ ಇದು? ಶಾಲಾ ಪ್ರವಾಸಕ್ಕೆ ಬರುವ ಮಕ್ಕಳಿಗೆ ಗೈಡುಗಳು ಅವನ ಬಗ್ಗೆಯೂ ಹೇಳಲಿ. ಅಲ್ಲೊಂದು ಕನ್ನಡ ಫಲಕವನ್ನೂ ಹಾಕಲಿ.

– ಒಬ್ಬ ಓದುಗ, ವಿಜಯಪುರ