ವಿನೈಲ್ ಚಾವಣಿಗೆ ಬರೀ ಹೊಳಪು ಸಾಲದು

ಸಂಪಾದಕರೇ,

ಹಳೆ ಕಾರುಗಳ ಬಗ್ಗೆ ಬರೆಯುವಾಗ ಅವುಗಳ ವಿನೈಲ್ ಚಾವಣಿ, ಅಂದರೆ ತಗಡಿನ ಚಾವಣಿ ಮೇಲೆ ಅಂಟಿಸಿದ ಚರ್ಮದಂಥ ಪ್ಲಾಸ್ಟಿಕ್ ಹೊದಿಕೆ ಬಗ್ಗೆಯೂ ನಾಲ್ಕು ಮಾತು ಬರೆಯಿರಿ. ಬಿಸಿಲಿಗೆ ವಿನೈಲನ್ನು ಮೆತ್ತಗಿಡುವ ಅಂಶ ಮೆಲ್ಲಗೆ ಹೋಗಿ, ಅದು ಗಡುಸಾಗಿ, ಹೊಲಿಗೆಯ ಪಕ್ಕ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಅಲ್ಲಿಂದ ಇಳಿದ ನೀರು ಒಳಗೇ ನಿಂತು ತಗಡಿಗೆ ತುಕ್ಕು ಹಿಡಿಸುತ್ತದೆ. ಮೇಲೆ ಕಾಣುವುದು ಸಣ್ಣ ಗುಳ್ಳೆ ಮಾತ್ರ. ನನ್ನ ಕಾರಿನ ಹಿಂದಿನ ಗಾಜಿನ ಅಂಚಿನಲ್ಲಿದ್ದ ಗುಳ್ಳೆ ಒತ್ತಿದರೆ ಕರಕರ ಅಂದಿತು. ಬಿಡಿಸಿ ನೋಡಿದರೆ ತಗಡೇ ತೂತು! ತುಂಬಾ ಬೇಜಾರಾಯಿತು. ಬ್ಲೀಚ್, ಥಿನ್ನರ್ ಹಾಕಿ ಉಜ್ಜಬೇಡಿ. ಸೋಪಿನ ನೀರು, ಮೆತ್ತನೆ ಬ್ರಷ್ ಸಾಕು. ಪೂರ್ತಿ ಒಣಗಿದ ಮೇಲೆ ಬಿಸಿಲು ತಡೆಯುವ ವಿನೈಲ್ ಲೇಪನ ತೆಳುವಾಗಿ ಹಚ್ಚಿ, ಜಾಸ್ತಿ ಬೇಡ. ಗುಳ್ಳೆ ಎದ್ದಿದ್ದರೆ ಸುಮ್ನೆ ಬಣ್ಣ ಬಳಿದು ಮುಚ್ಚದೆ, ಮೊದಲು ಒಳಗಿನ ತುಕ್ಕು ತೆಗೆಸಿ.

— ಹಳೆ ಕಾರು ಇಟ್ಟುಕೊಂಡಿರುವ ಓದುಗ