ಲೆನ್ಸ್ ವಾಪಸ್ ಕೊಡೋ ಮುಂಚೆ: ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ನಿಕಾನ್ 180-600 ಮಿಮೀ ಜೂಮ್ ಲೆನ್ಸ್ ಅಂತೂ ಕೈಗೆ ಬಂತಲ್ಲ, ಸಂತೋಷ. ರಂಗನತಿಟ್ಟಿನ ಚಿತ್ರಗಳನ್ನು ನೋಡಿದೆ. ಕೆಳಗೆ ನೀನು ಬರೆದಿದ್ದ ‘ಲೆನ್ಸ್ ಸಾಫ್ಟ್ ಕಣೋ, ಚಿತ್ರ ಮಸುಕು, ವಾಪಸ್ ಕೊಟ್ಟುಬಿಡ್ಲಾ?’ ಅನ್ನೋದನ್ನೂ ಓದಿದೆ. ಈಗಲೇ ಕೊಡಬೇಡ. ಹನ್ನೊಂದು ಗಂಟೆ ಬಿಸಿಲಲ್ಲಿ, ಅಲುಗೋ ದೋಣಿಯಲ್ಲಿ ಕೂತು, ನೀರಿನಾಚೆ ಎಲ್ಲೋ ದೂರದ ನಡುಗಡ್ಡೆಯ ಕೊಕ್ಕರೆ ತೆಗೆದರೆ ಲೆನ್ಸಿನ ಗುಣ ಗೊತ್ತಾಗಲ್ಲ. ಆ ಚಿತ್ರದಲ್ಲಿ ಲೆನ್ಸು, ಗಾಳಿ, ದೋಣಿ, ನಿನ್ನ ಕೈ, ಫೋಕಸ್ ಎಲ್ಲ ಬೆರೆತಿರುತ್ತೆ. ಒಂದೊಂದನ್ನೇ ಬಿಡಿಸಿ ನೋಡಬೇಕು. ಅಂಗಡಿಯವರು ಬದಲಾಯಿಸಿ ಕೊಡೋ ಗಡುವಿನೊಳಗೆ ಮುಗಿಯೋ ಕೆಲಸವೇ ಇದು.

ಮೊದಲು ಆ ಫೈಲುಗಳನ್ನೇ ಕಂಪ್ಯೂಟರಿನಲ್ಲಿ 100% ಗಾತ್ರಕ್ಕೆ ತೆರೆದು ನೋಡು. ಮಸುಕಿನಲ್ಲೂ ಜಾತಿಗಳಿವೆ. ಹಕ್ಕಿಯ ಕಣ್ಣಿನೊಳಗೆ ಚುಕ್ಕೆಯಾಗಿರಬೇಕಾದ ಬಿಸಿಲಿನ ಮಿಂಚು ಗೆರೆಯಾಗಿ ಎಳೆದುಕೊಂಡಿದೆಯಾ? ನೀರಿನ ಮೇಲಿನ ಹೊಳಪುಗಳೂ ಅದೇ ದಿಕ್ಕಿಗೆ ಎಳೆದಿವೆಯಾ? ಹಾಗಿದ್ದರೆ ಅಲುಗಿದ್ದು ಕ್ಯಾಮೆರಾ. ಕೊಂಬೆ ಚೂಪಾಗಿದ್ದು ತಲೆ, ರೆಕ್ಕೆ ಮಾತ್ರ ಕಲಸಿಹೋಗಿದ್ದರೆ ಅಲುಗಿದ್ದು ಹಕ್ಕಿ, ಶಟರ್ ವೇಗ ಸಾಲದು. ಹಕ್ಕಿ ಮಸುಕಾಗಿ ಅದರ ಹಿಂದಿನ ಎಲೆಯೋ ಮುಂದಿನ ಕಡ್ಡಿಯೋ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಇಡೀ ಚೌಕಟ್ಟಿನಲ್ಲಿ ಯಾವುದೂ ಸ್ಪಷ್ಟವಿಲ್ಲದೆ, ಅಂಚುಗಳೆಲ್ಲ ಕುದಿಯೋ ಎಸರಿನ ಮೇಲಿಂದ ನೋಡಿದ ಹಾಗೆ ಬಳುಕಿದ್ದು, ಒಂದೇ ಬರ್ಸ್ಟಿನಲ್ಲಿ (ಸತತವಾಗಿ ತೆಗೆದ ಸಾಲಿನಲ್ಲಿ) ಒಂದು ಫ್ರೇಮ್ ಪರವಾಗಿಲ್ಲ, ಮುಂದಿನದು ಹಾಳು ಅನ್ನೋ ಹಾಗಿದ್ದರೆ ಅದು ಬಿಸಿಗಾಳಿಯ ಕೆಲಸ. ಲೆನ್ಸಿನ ದೋಷ ಹಾಗೆ ಬಂದು ಹೋಗಿ ಮಾಡಲ್ಲ. ಬೆಳಿಗ್ಗೆಯಾಗಲಿ ಸಂಜೆಯಾಗಲಿ, ಹತ್ತಿರವಾಗಲಿ ದೂರವಾಗಲಿ, ಅದೇ ಮೂಲೆ ಅದೇ ಬದಿ ಕೆಡುತ್ತಿರುತ್ತೆ.

ನೀನು ಕಳಿಸಿದವುಗಳಲ್ಲಿ ಹೆಚ್ಚಿನವು ಬಿಸಿಗಾಳಿಯ ಜಾತಿಯವು ಅಂತ ನನ್ನ ಅನುಮಾನ. ಕಾದ ಬಂಡೆ, ಡಾಂಬರು, ತಗಡಿನ ಚಾವಣಿ, ಉತ್ತ ಹೊಲ, ಇವುಗಳ ಮೇಲೆ ಬಿಸಿ ಗಾಳಿ ತಣ್ಣನೆಯ ಗಾಳಿ ಕಲೆತು ಬೆಳಕನ್ನು ಅತ್ತಿತ್ತ ಬಾಗಿಸುತ್ತೆ. 600 ಮಿಮೀ ಆ ಬಾಗನ್ನೂ ಹಿಗ್ಗಿಸಿ ತೋರಿಸುತ್ತೆ. ಇದರ ಹಲವು ಪಟ್ಟು ಬೆಲೆಯ 600 ಎಫ್/4 ಲೆನ್ಸ್ ಹಿಡಿದರೂ ಅಲ್ಲಿ ಅದೇ ಚಿತ್ರ ಬರೋದು. ಬೇಗ ಹೋಗು, ಹತ್ತಿರದ ಹಕ್ಕಿ ತೆಗಿ. ಬೇರೆ ಮದ್ದಿಲ್ಲ.

ಇನ್ನೊಂದು ಜಾಗದಲ್ಲೂ ಇದೇ ಕಾಟ ಇದೆ, ಬಹಳ ಜನ ಗಮನಿಸಲ್ಲ: ಲೆನ್ಸಿನ ಮುಂದೆ ಹಾಕೋ ಮರೆ, ಅಂದರೆ ಲೆನ್ಸ್ ಹುಡ್‌ನೊಳಗೆ. ಎ.ಸಿ. ಕಾರಿನಿಂದ ತಣ್ಣಗಿರೋ ಲೆನ್ಸನ್ನು ಸೆಕೆಯೊಳಕ್ಕೆ ತಂದರೆ ಗಾಜಿನ ಮುಂದೆ ಹುಡ್ ಹಿಡಿದಿಟ್ಟುಕೊಂಡ ಗಾಳಿಯೇ ಬಳುಕೋಕೆ ಶುರು ಮಾಡುತ್ತೆ. ನದಿ ಪಕ್ಕದ ತೇವಕ್ಕೆ ಗಾಜಿನ ಮೇಲೆ ಮಂಜೂ ಕಟ್ಟುತ್ತೆ. ತಲುಪೋ ಮುಂಚೆಯೇ ಎ.ಸಿ. ಆರಿಸಿ ಕಿಟಕಿ ಇಳಿಸು, ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಬಿಡು. ಕಾರಿನೊಳಗಿಂದಲೇ ತೆಗೆಯೋದಾದರೆ ಎಂಜಿನ್ ಆಫ್ ಮಾಡು, ಬಾನೆಟ್ ಮೇಲಿಂದ ಹಾದು ಹೋಗೋ ಕೋನ ಬೇಡ.

ಈಗ ಲೆನ್ಸಿನ ಪರೀಕ್ಷೆ. ಇಟ್ಟಿಗೆ ಗೋಡೆ ತೆಗೆದು ನೋಡು ಅಂತ ಯಾರಾದರೂ ಹೇಳಿದರೆ ಕೇಳಬೇಡ. 600ರಲ್ಲಿ ಗೋಡೆಗೆ ಸರಿಯಾಗಿ ಸಮಾನಾಂತರ ನಿಲ್ಲಿಸೋದೇ ಒಂದು ಸರ್ಕಸ್. ಕ್ಯಾಮೆರಾ ಚೂರು ಓರೆಯಾದರೂ ಒಂದು ಬದಿ ಮಸುಕಾಗಿ ಒಳ್ಳೆ ಲೆನ್ಸಿಗೆ ಕೆಟ್ಟ ಹೆಸರು. ಬದಲಿಗೆ ಬಿಸಿಲೇರೋ ಮುಂಚೆ, ನಿಮ್ಮ ಬೀದಿಯಲ್ಲಿ 25-30 ಮೀಟರ್ ದೂರ ನಿಂತಿರೋ ಸ್ಕೂಟರಿನ ನಂಬರ್ ಪ್ಲೇಟ್ ಆರಿಸಿಕೋ. ಟ್ರೈಪಾಡ್ ಮೇಲಿಟ್ಟು ವಿಆರ್ (ಕೈ ನಡುಕ ಸರಿದೂಗಿಸೋ ವ್ಯವಸ್ಥೆ) ಆಫ್ ಮಾಡು. ಈ ಲೆನ್ಸಿನ ಮೇಲೆ ವಿಆರ್ ಸ್ವಿಚ್ ಇಲ್ಲ, ಕ್ಯಾಮೆರಾ ಮೆನುವಿನಲ್ಲೇ ಹುಡುಕಬೇಕು. ಎರಡು ಸೆಕೆಂಡ್ ಸೆಲ್ಫ್ ಟೈಮರ್, 600 ಮಿಮೀ, ಎಫ್/6.3 (ಲೆನ್ಸಿನ ಕಿಂಡಿ ಪೂರ್ತಿ ತೆರೆದು). ಪ್ಲೇಟನ್ನು ನಡುವಿಗೆ ತಂದು ಆಟೋಫೋಕಸ್ ಮಾಡಿ ಒಂದು ಚಿತ್ರ ತೆಗಿ. ಆಮೇಲೆ ಲೆನ್ಸಿನ ಸ್ವಿಚ್ಚನ್ನು ‘ಎ’ಯಿಂದ ‘ಎಂ’ಗೆ ಸರಿಸಿ, ಫೋಕಸ್ ಮುಟ್ಟದೆ ಕ್ಯಾಮೆರಾ ತಿರುಗಿಸಿ ಅದೇ ಪ್ಲೇಟನ್ನು ನಾಲ್ಕೂ ಮೂಲೆಗೆ ಒಂದೊಂದು ಸಲ ತಂದು ತೆಗಿ. ಒಟ್ಟು ಐದು ಚಿತ್ರ. ಇದನ್ನೇ 400 ಮತ್ತು 180ರಲ್ಲೂ ಮಾಡು.

ನಾಲ್ಕು ಮೂಲೆಯೂ ಒಂದೇ ಸಮ, ನಡುವಿಗಿಂತ ತುಸು ಮೆತ್ತಗಿದ್ದರೆ ತಲೆ ಕೆಡಿಸಿಕೊಳ್ಳಬೇಡ. ಈ ಬಗೆಯ ಜೂಮ್‌ಗಳೆಲ್ಲ ಸಾಮಾನ್ಯವಾಗಿ ಹಾಗೇ, ಹಕ್ಕಿಯನ್ನು ಮೂಲೆಯಲ್ಲಿ ಕೂರಿಸೋರೂ ಯಾರಿಲ್ಲ. ಮೂರು ಚೆನ್ನಾಗಿದ್ದು ಒಂದು ಮಾತ್ರ ಕೆಟ್ಟಿದ್ದರೆ ಒಳಗಿನ ಗಾಜು ತನ್ನ ನಡುಗೆರೆಯಿಂದ ಸರಿದಿದೆ ಅಂತ ಅರ್ಥ. ಇನ್ನೊಂದು ಬೆಳಿಗ್ಗೆ ಮತ್ತೆ ತೆಗೆದು ಅದೇ ಮೂಲೆ ಕೆಟ್ಟರೆ ಧೈರ್ಯವಾಗಿ ವಾಪಸ್ ಕೊಡು. ವಾದಕ್ಕೆ ಆ ಐದು ಚಿತ್ರವೇ ಸಾಕು. ಹಾಗೇ ಆಟೋಫೋಕಸ್ ಕೂಡ ನೋಡಿಬಿಡು: ಪ್ರತಿ ಸಲ ರಿಂಗ್ ತಿರುಗಿಸಿ ಫೋಕಸ್ ಕೆಡಿಸಿ, ಮತ್ತೆ ಫೋಕಸ್ ಮಾಡಿ, ಹತ್ತು ಚಿತ್ರ ತೆಗಿ. ಹತ್ತೂ ಹೆಚ್ಚುಕಮ್ಮಿ ಒಂದೇ ಥರ ಇರಬೇಕು.

ಆ 95 ಮಿಮೀ ಯುವಿ ಫಿಲ್ಟರನ್ನು ಈ ಪರೀಕ್ಷೆಗೆ ಮುಂಚೆ ಬಿಚ್ಚಿಡು. ಲೆನ್ಸ್ ಜೊತೆ ಅಂಗಡಿಯವರು ಅದನ್ನು ಕಟ್ಟೇ ಕಟ್ಟುತ್ತಾರೆ. ಅಗ್ಗದ ಗಾಜು ಪೂರ್ತಿ ಸಮತಟ್ಟಾಗಿರಲ್ಲ. 24 ಮಿಮೀಯಲ್ಲಿ ಕಾಣದ ಆ ವಕ್ರ 600ರಲ್ಲಿ ಎದ್ದು ಕಾಣುತ್ತೆ. ಹಾಕಿ ಒಂದು, ಬಿಚ್ಚಿ ಒಂದು ತೆಗೆದು ಹೋಲಿಸು. ಪೆಟ್ಟಿನಿಂದ ಕಾಯೋಕೆ ಹುಡ್ ಸಾಕು.

ಲೆನ್ಸ್ ಪಾಸಾದರೆ ಮುಂದಿನದು ಲೆಕ್ಕ. 600ರಲ್ಲಿ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, 10 ಮೀಟರ್ ದೂರಕ್ಕೆ ನಿನಗೆ ಸಿಗೋ ಚೌಕಟ್ಟು ಸುಮಾರು 60 ಸೆಂಮೀ ಅಗಲ, 40 ಸೆಂಮೀ ಎತ್ತರ. ಬಿಳಿ ಎದೆಯ ಮಿಂಚುಳ್ಳಿಯ ಉದ್ದ ಆ ಅಗಲದ ಅರ್ಧಕ್ಕೆ ಹತ್ತಿರ. ಆ ದೂರದಲ್ಲಿ ಎಫ್/6.3ಕ್ಕೆ ಸ್ಪಷ್ಟವಾಗಿರೋ ಆಳ ಹೆಚ್ಚೆಂದರೆ 10 ಸೆಂಮೀ, 5 ಮೀಟರಿಗೆ ಬಂದರೆ ಎರಡೂವರೆ ಸೆಂಮೀ ಮಾತ್ರ. 45 ಮೆಗಾಪಿಕ್ಸೆಲ್ಲನ್ನು 100%ಗೆ ಹಿಗ್ಗಿಸಿ ನೋಡಿದರೆ ಅಷ್ಟೂ ಇರಲ್ಲ. ಸೂರಕ್ಕಿಯ ಕೊಕ್ಕಿನ ತುದಿಗೆ ಫೋಕಸ್ ಕೂತರೆ ಕಣ್ಣು ಮೆತ್ತಗಾಗೋದು ಇದಕ್ಕೇ. ಅದನ್ನೂ ಲೆನ್ಸಿನ ತಲೆಗೆ ಕಟ್ಟುತ್ತಾರೆ.

ನಿನ್ನ ಝಡ್ 8 ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ 2.00 ಅಥವಾ ಅದರ ನಂತರದ್ದು ಇದೆಯಾ ನೋಡು. ಪ್ರಾಣಿಗಳಿಂದ ಬೇರೆಯಾಗಿ ಹಕ್ಕಿಗೇ ಅಂತ ಡಿಟೆಕ್ಷನ್ (ಕ್ಯಾಮೆರಾ ತಾನೇ ಗುರುತು ಹಿಡಿಯೋದು) ಬಂದದ್ದು 2024ರ ಫೆಬ್ರವರಿಯ ಆ ಅಪ್‌ಡೇಟಿನಲ್ಲಿ. ಬಯಲಲ್ಲಿ ಹಾರೋ ಹಕ್ಕಿಗೆ ಅದು ಚೆನ್ನ. ಗೂಡಿನ ಕಡ್ಡಿಗಳ ಹಿಂದೆ ಕೂತ ಹಕ್ಕಿಗೆ ಮಾತ್ರ ಅದನ್ನು ನೆಚ್ಚಿಕೊಳ್ಳಬೇಡ, ಒಂದೇ ಫೋಕಸ್ ಚುಕ್ಕೆಯ ಸಿಂಗಲ್ ಪಾಯಿಂಟ್ ಹಾಕಿ ನೀನೇ ಕಣ್ಣಿನ ಮೇಲಿಡು. ಮ್ಯಾನುಯಲ್ ಮೋಡ್, ಎಫ್/6.3, ಆಟೋ ಐಎಸ್ಒ (ಬೆಳಕಿಗೆ ಸೆನ್ಸರಿನ ಸಂವೇದನೆ), ಮೇಲ್ಮಿತಿ 12800. ಶಟರ್ ವೇಗ ಕೂತ ಹಕ್ಕಿಗೆ ನೆಲದ ಮೇಲಿಂದ 1/1000 ಸೆಕೆಂಡ್, ದೋಣಿಯಿಂದ 1/1600. ಬಣ್ಣದ ಕೊಕ್ಕರೆ ರೆಕ್ಕೆ ಬಡಿಯೋದು ನಿಧಾನ, ಹಾರುವಾಗಲೂ 1/1600 ನಡೆಯುತ್ತೆ. ಮೀನಿಗೆ ಧುಮುಕೋ ರೀವ (ಟರ್ನ್) ಹಕ್ಕಿಗೆ 1/3200 ಇಲ್ಲದೆ ಆಗಲ್ಲ. ವಿಆರ್ ಸ್ಪೋರ್ಟ್‌ನಲ್ಲಿರಲಿ. ಐಎಸ್ಒ ಏರಿತು ಅಂತ ಶಟರ್ ಇಳಿಸಬೇಡ. ನಾಯ್ಸ್ (ಚಿತ್ರದ ಕಾಳುಕಾಳು) ಕಡಿಮೆ ಮಾಡೋಕೆ ಸಾಫ್ಟ್‌ವೇರ್ ಇದೆ, ಅಲುಗಿದ ಚಿತ್ರಕ್ಕೆ ಅಷ್ಟು ಒಳ್ಳೆ ಉಪಾಯ ಇಲ್ಲ.

ಕಪ್ಪು ನೆರಳಿನ ಮುಂದೆ ಬೆಳ್ಳಕ್ಕಿ ಬಂದರೆ ಎಕ್ಸ್‌ಪೋಶರ್ ಕಾಂಪನ್ಸೇಶನ್ (ಚಿತ್ರದ ಬೆಳಕಿನ ಏರಿಳಿತ) ಮೈನಸ್ 0.7ರಿಂದ 1. ಇಲ್ಲದಿದ್ದರೆ ಬೆನ್ನಿನ ಗರಿಗಳೆಲ್ಲ ಬರೀ ಬಿಳಿ ಹಾಳೆ. ಬಿಳಿ ಆಕಾಶದ ಮುಂದೆ ಹದ್ದು ಬಂದರೆ ಇದಕ್ಕೆ ತದ್ವಿರುದ್ಧ, ಪ್ಲಸ್ 1ಕ್ಕೂ ಮೇಲೆ.

ಫೋಕಸ್ ಲಿಮಿಟ್ ಸ್ವಿಚ್ಚಿಗೆ ಎರಡೇ ಸ್ಥಾನ: ಪೂರ್ತಿ, ಇಲ್ಲವೇ 6 ಮೀಟರಿನಿಂದ ಅನಂತದವರೆಗೆ. ಹಾರೋ ಹಕ್ಕಿಗೆ ಎರಡನೆಯದು ಹಾಕಿದರೆ ಫೋಕಸ್ ಹತ್ತಿರಕ್ಕೆ ಓಡಿಹೋಗಿ ತಡಕಾಡೋದು ತಪ್ಪುತ್ತೆ. ಹಾಗೇ ಮರೆತು ನಾಲ್ಕು ಮೀಟರಿನ ಪಿಕಳಾರಕ್ಕೆ ತಿರುಗಿಸಿದರೆ ಫೋಕಸೇ ಆಗಲ್ಲ, ಲೆನ್ಸ್ ಕೆಟ್ಟಿತು ಅಂತ ಗಾಬರಿ ಬೀಳಬೇಡ. ಹಕ್ಕಿ ಚೌಕಟ್ಟಿಗೇ ಸಿಗುತ್ತಿಲ್ಲ ಅಂದಿದ್ದೀಯಲ್ಲ, 180ರಲ್ಲಿ ಹುಡುಕು, ಸಿಕ್ಕ ಮೇಲೆ 600ಕ್ಕೆ ತಿರುಗಿಸು. ಆ ತುದಿಯಿಂದ ಈ ತುದಿಗೆ 70 ಡಿಗ್ರಿ ಅಷ್ಟೇ, ಮಣಿಕಟ್ಟಿನ ಒಂದೇ ತಿರುವು. ಜೂಮ್ ಒಳಗೇ ಆಗೋದರಿಂದ ಲೆನ್ಸ್ ಉದ್ದವಾಗಲ್ಲ, ಗಿಂಬಲ್ (ಉದ್ದ ಲೆನ್ಸ್ ತೂಗಿಸೋ ಟ್ರೈಪಾಡ್ ತಲೆ) ಮೇಲೆ ತೂಕದ ಸಮತೋಲವೂ ಹೆಚ್ಚು ಕೆಡಲ್ಲ.

ದೋಣಿಯಲ್ಲಿ ಟ್ರೈಪಾಡ್, ಮೋನೋಪಾಡ್ ಎರಡೂ ಬೇಡ, ಹುಟ್ಟಿನ ಪ್ರತಿ ಎಳೆತವೂ ಅದರ ಮೂಲಕ ಕ್ಯಾಮೆರಾಕ್ಕೆ ಏರುತ್ತೆ. ದೋಣಿಯ ಅಂಚಿಗೂ ಒರಗಿಸಬೇಡ. ಎಡಗೈ ಲೆನ್ಸಿನ ಕೆಳಗೆ, ಮೊಣಕೈ ಪಕ್ಕೆಗೆ. ಕ್ಯಾಮೆರಾ ಸೇರಿ ಮೂರು ಕಿಲೋ ಆಗುತ್ತೆ, ಎತ್ತಿ ಹಿಡಿದೇ ಕಾಯುತ್ತಾ ಕೂತರೆ ತೆಗೆಯೋ ಹೊತ್ತಿಗೆ ಕೈ ನಡುಗುತ್ತೆ. ತೊಡೆಯ ಮೇಲಿಟ್ಟುಕೊಂಡು ಬೇಕಾದಾಗ ಎತ್ತು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡು ಹೊರಡು. ಅಭ್ಯಾಸಕ್ಕಂತೂ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯೇ ವಾಸಿ: ಕಾಲಡಿ ನೆಲ ಅಲುಗಲ್ಲ, ನೀರುಕಾಗೆಗಳು ಓಡಾಡೋರಿಗೆ ಒಗ್ಗಿಕೊಂಡಿವೆ.

ಲೆನ್ಸಿನ ಸುತ್ತ ಇರೋ ಕಾಲರಿನ ಪಾದ ಟ್ರೈಪಾಡಿನ ಆರ್ಕಾ ಕ್ಲಾಂಪಿಗೆ ನೇರ ಕೂರಲ್ಲ. ಉದ್ದನೆಯ ಪ್ಲೇಟೊಂದನ್ನು ಎರಡು ಸ್ಕ್ರೂ ಹಾಕಿ ಬಿಗಿದುಕೋ, ಒಂದೇ ಸ್ಕ್ರೂ ಆದರೆ ತಿರುಗುತ್ತೆ. ಬೆಲ್ಟನ್ನು ಆ ಪ್ಲೇಟಿಗೆ ಕಟ್ಟು. ಎರಡು ಕಿಲೋ ಲೆನ್ಸನ್ನು ಕ್ಯಾಮೆರಾದಿಂದ ನೇತು ಹಾಕಿಕೊಂಡು ತಿರುಗಿದರೆ ಭಾರವೆಲ್ಲ ಲೆನ್ಸ್ ಕ್ಯಾಮೆರಾಕ್ಕೆ ಸೇರೋ ಮೌಂಟಿನ ಮೇಲೆ ಬೀಳುತ್ತೆ. ಬಿಲ್ಲು, ವಾರಂಟಿ ಕಾರ್ಡು, ಲೆನ್ಸಿನ ಮೈ, ಮೂರರ ಮೇಲೂ ಸೀರಿಯಲ್ ನಂಬರ್ ಒಂದೇ ಇದೆಯಾ ಇವತ್ತೇ ನೋಡು.

ಐದು ಚಿತ್ರ ತೆಗೆದ ಮೇಲೆ ವಾಟ್ಸಾಪಿನಲ್ಲಿ ಫೋಟೋ ಥರ ಕಳಿಸಬೇಡ. ಅದು ಕುಗ್ಗಿಸಿದ ಮೇಲೆ ಯಾವ ಲೆನ್ಸ್ ಆದರೂ ಒಂದೇ. ಗೂಗಲ್ ಡ್ರೈವಿಗೆ ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಹಾಕಿ ಲಿಂಕ್ ಕೊಡು, ಯಾವುದು ಯಾವ ಮೂಲೆ ಅಂತ ಹೆಸರಿನಲ್ಲೇ ಬರೆದಿಡು.

ನಿನ್ನವನೇ,
ರಘು